ಕೀಮೋ ಮುಗಿದ ಮೇಲೂ ಉಳಿಯುವ ಕೋಶಗಳು: ಸ್ತನ ಕ್ಯಾನ್ಸರ್ ಮರಳುವ ಭಯಕ್ಕೆ ಒಂದು ಉತ್ತರ

ಪ್ರಶ್ನೆ: ನನಗೆ 51 ವರ್ಷ. ಐದು ವರ್ಷಗಳ ಹಿಂದೆ ಎಡ ಸ್ತನದಲ್ಲಿ 1.8 ಸೆಂಟಿಮೀಟರ್ ಗಾತ್ರದ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ಕಂಕುಳಿನ ಎರಡು ದುಗ್ಧಗ್ರಂಥಿಗಳಿಗೂ ತಗುಲಿತ್ತು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆ ಎಲ್ಲವೂ ಆದವು. ಈಸ್ಟ್ರೋಜನ್ ಗ್ರಾಹಕ ಪಾಸಿಟಿವ್ (ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದು ಬೆಳೆಯುವ ಬಗೆ), ಹರ್‌2 ನೆಗೆಟಿವ್ (ಹರ್‌2 ಎಂಬ ಬೆಳವಣಿಗೆಯ ಪ್ರೋಟೀನ್ ಹೆಚ್ಚಿಲ್ಲದ್ದು) ಎಂದು ವರದಿಯಲ್ಲಿದೆ. ಅಂದಿನಿಂದ ಈಸ್ಟ್ರೋಜನ್ ಕೆಲಸವನ್ನು ತಡೆಯುವ ಟಮಾಕ್ಸಿಫೆನ್ ಮಾತ್ರೆ ನುಂಗುತ್ತಿದ್ದೇನೆ. ಕಳೆದ ವರ್ಷದಿಂದ ಮುಟ್ಟು ನಿಂತಿದೆ. ಈಚೆಗೆ ಓದಿದ ಲೇಖನವೊಂದು ನನ್ನ ನಿದ್ದೆ ಕೆಡಿಸಿದೆ. ಕ್ಯಾನ್ಸರ್‌ನ ಕಾಂಡಕೋಶಗಳು ಕೀಮೋಗೆ ಸಾಯುವುದೇ ಇಲ್ಲ, ಕೀಮೋ ಕೊಟ್ಟಷ್ಟೂ ಅವು ಹೆಚ್ಚುತ್ತವೆ, ವರ್ಷಗಳ ನಂತರ ಮೂಳೆಗೋ ಶ್ವಾಸಕೋಶಕ್ಕೋ ಹರಡುವುದು ಅವೇ ಎಂದು ಅದರಲ್ಲಿತ್ತು. ಹಾಗಿದ್ದರೆ ನಾನು ಪಟ್ಟ ಪಾಡೆಲ್ಲ ವ್ಯರ್ಥವೇ? ಆ ಕೋಶಗಳು ನನ್ನಲ್ಲಿ ಇವೆಯೇ ಎಂದು ತಿಳಿಯಲು ಪರೀಕ್ಷೆ ಇದೆಯೇ, ಕೊಲ್ಲಲು ಔಷಧವಿದೆಯೇ? 22 ವರ್ಷದ ಮಗಳಿಗೂ ಇವು ಬರುತ್ತವೆಯೇ?

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿದ ಮಾತಿಗೇ ಬರುತ್ತೇನೆ. ನಿಮ್ಮ ಕೀಮೋ ವ್ಯರ್ಥವಾಗಿಲ್ಲ. ಆ ಲೇಖನದಲ್ಲಿ ಪ್ರಯೋಗಾಲಯದ ಒಂದು ಸತ್ಯವಿದೆ. ಅದರಿಂದ ಎಳೆದ ತೀರ್ಮಾನ ಮಾತ್ರ ತಪ್ಪು, ಮತ್ತು ಆ ತೀರ್ಮಾನವನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಆಗುವ ಹಾನಿ ದೊಡ್ಡದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂದು ಗಡ್ಡೆಯೊಳಗಿನ ಕೋಶಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ವೇಗವಾಗಿ ವಿಭಜನೆಗೊಂಡು ಬೇಗ ದಣಿಯುತ್ತವೆ. ಕೆಲವು ನಿಧಾನಿ, ಆದರೆ ತಮ್ಮಂಥದ್ದೇ ಕೋಶವನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸುತ್ತ ಇಡೀ ಗಡ್ಡೆಯನ್ನು ಮತ್ತೆ ಕಟ್ಟಬಲ್ಲವು. ಈ ಎರಡನೆಯ ಬಗೆಗೆ ಕ್ಯಾನ್ಸರ್ ಕಾಂಡಕೋಶ ಅಥವಾ ಕ್ಯಾನ್ಸರ್ ಸ್ಟೆಮ್ ಸೆಲ್ ಎನ್ನುತ್ತಾರೆ. ಆರೋಗ್ಯವಂತ ಸ್ತನದಲ್ಲೂ ಕಾಂಡಕೋಶಗಳಿವೆ. ಹರೆಯದಲ್ಲಿ, ಬಸಿರಿನಲ್ಲಿ, ಹಾಲೂಡಿಸುವ ಕಾಲದಲ್ಲಿ ಸ್ತನದ ಅಂಗಾಂಶ ಬೆಳೆಯುತ್ತದೆ, ಮತ್ತೆ ಕುಗ್ಗುತ್ತದೆ, ಮುಂದಿನ ಬಸಿರಿಗೆ ಮತ್ತೆ ಬೆಳೆಯುತ್ತದೆ. ಅದಕ್ಕೆ ಇಂಥ ಕೋಶಗಳು ಬೇಕೇ ಬೇಕು. 2006ರಲ್ಲಿ ವಿಜ್ಞಾನಿಗಳು ಇಲಿಯ ಸ್ತನದಿಂದ ತೆಗೆದ ಒಂದೇ ಒಂದು ಕಾಂಡಕೋಶದಿಂದ ಪೂರ್ಣ ಸ್ತನಗ್ರಂಥಿಯನ್ನೇ ಬೆಳೆಸಿ ತೋರಿಸಿದರು.

ಕ್ಯಾನ್ಸರ್‌ನಲ್ಲಿಯೂ ಇಂಥ ಏಣಿಶ್ರೇಣಿ ಇದೆ ಎಂಬ ಗಟ್ಟಿ ಪುರಾವೆ ಮೊದಲು ಸಿಕ್ಕಿದ್ದು ರಕ್ತದ ಕ್ಯಾನ್ಸರ್‌ನಲ್ಲಿ, 1990ರ ದಶಕದಲ್ಲಿ, ಕೆನಡಾದ ಟೊರಾಂಟೊದ ಜಾನ್ ಡಿಕ್ ಅವರ ತಂಡಕ್ಕೆ. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರ್‌ಗಳ ಪೈಕಿ ಮೊದಲ ಪುರಾವೆ ಬಂದಿದ್ದು ಸ್ತನ ಕ್ಯಾನ್ಸರ್‌ನಿಂದಲೇ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಕ್ಲಾರ್ಕ್, ಮ್ಯಾಕ್ಸ್ ವಿಚಾ ಮತ್ತು ಸಂಗಡಿಗರು 2003ರಲ್ಲಿ ಅದನ್ನು ಪ್ರಕಟಿಸಿದರು. ಆ ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ನೀವು ಓದಿದ ಲೇಖನದ ಬಲವೂ ದೌರ್ಬಲ್ಯವೂ ತಿಳಿಯುತ್ತದೆ.

ಒಂಬತ್ತು ಮಹಿಳೆಯರ ಕ್ಯಾನ್ಸರ್ ಕೋಶಗಳನ್ನು ಅವರು ತೆಗೆದುಕೊಂಡರು. ಅವುಗಳಲ್ಲಿ ಹೆಚ್ಚಿನವು ಆಗಲೇ ಬೇರೆಡೆಗೆ ಹರಡಿದ್ದ ರೋಗದಿಂದ ಬಂದವು. ಕೋಶಗಳನ್ನು ಬಿಡಿಬಿಡಿಯಾಗಿಸಿ, ಅವುಗಳ ಮೈಮೇಲಿನ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೆರೆಸಿದರು. ಪ್ರತಿಯೊಂದು ಪ್ರತಿಕಾಯಕ್ಕೂ ಬೆಳಕು ಸೂಸುವ ಒಂದೊಂದು ಬಣ್ಣ ಕಟ್ಟಲಾಗಿತ್ತು. ನಂತರ ಕೋಶಗಳನ್ನು ಸಣ್ಣ ಧಾರೆಯಲ್ಲಿ ಒಂದರ ಹಿಂದೆ ಒಂದರಂತೆ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಯಂತ್ರದ ನೆರವಿನಿಂದ ಬಣ್ಣದ ಪ್ರಕಾರ ಬೇರೆ ಬೇರೆ ಕೊಳವೆಗಳಿಗೆ ವಿಂಗಡಿಸಿದರು. ಸಿಡಿ44 ಎಂಬ ಪ್ರೋಟೀನ್ ಹೆಚ್ಚಿದ್ದು ಸಿಡಿ24 ಎಂಬುದು ಇಲ್ಲದ ಅಥವಾ ತೀರಾ ಕಡಿಮೆ ಇರುವ ಕೋಶಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಎರಡನ್ನೂ ರೋಗನಿರೋಧಕ ಶಕ್ತಿ ಕುಂದಿದ ಇಲಿಗಳ ಸ್ತನದ ಕೊಬ್ಬಿನಲ್ಲಿ ಚುಚ್ಚಿದರು. ಮೊದಲ ಗುಂಪಿನ ನೂರೇ ನೂರು ಕೋಶಗಳು ಗಡ್ಡೆ ಬೆಳೆಸಿದವು. ಎರಡನೆಯ ಗುಂಪಿನವು ಹತ್ತಾರು ಸಾವಿರ ಇದ್ದರೂ ಏನೂ ಆಗಲಿಲ್ಲ. ಹುಟ್ಟಿದ ಹೊಸ ಗಡ್ಡೆಯಲ್ಲಿ ಎರಡೂ ಬಗೆಯ ಕೋಶಗಳಿದ್ದವು. ಅದನ್ನು ವಿಂಗಡಿಸಿ ಮತ್ತೆ ಬೇರೆ ಇಲಿಗಳಿಗೆ ಚುಚ್ಚಿದಾಗಲೂ ಅದೇ ಫಲಿತಾಂಶ ಬಂತು. 2007ರಲ್ಲಿ ಎಎಲ್‌ಡಿಎಚ್1 ಎಂಬ ಕಿಣ್ವವೂ ಇಂಥ ಕೋಶಗಳ ಗುರುತು ಎಂದು ಕಂಡುಬಂತು.

ಬಹಳ ಸೊಗಸಾದ ಪ್ರಯೋಗ ಎಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಅದು ಅಳೆದದ್ದು ಒಂದು ಕೋಶ ಇಲಿಯಲ್ಲಿ ಗಡ್ಡೆ ಕಟ್ಟಬಲ್ಲದೇ ಎಂಬುದನ್ನು. ಮನುಷ್ಯರ ಮೈಯಲ್ಲಿ ಅದೇ ಕೋಶ ಅದನ್ನೇ ಮಾಡುತ್ತಿದೆ ಎಂಬುದನ್ನಲ್ಲ. 2008ರಲ್ಲಿ ಶಾನ್ ಮಾರಿಸನ್ ಅವರ ತಂಡ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ, ರೋಗನಿರೋಧಕ ಶಕ್ತಿ ಇನ್ನೂ ಕಡಿಮೆ ಇರುವ ಇಲಿಗಳನ್ನು ಬಳಸಿ ನೋಡಿತು. ಅಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಕೋಶ ಗಡ್ಡೆ ಬೆಳೆಸಿತು. ಅತಿ ವಿರಳ ಎಂದುಕೊಂಡಿದ್ದ ಸಾಮರ್ಥ್ಯ, ಪರೀಕ್ಷಿಸುವ ಇಲಿ ಬದಲಾದ ಕೂಡಲೇ ಸಾಮಾನ್ಯವಾಯಿತು. ಗಮನಿಸಿ, ಮಾರಿಸನ್ ಅವರು 2003ರ ಸ್ತನ ಕ್ಯಾನ್ಸರ್ ಪ್ರಯೋಗದಲ್ಲಿಯೂ ಭಾಗಿಯಾಗಿದ್ದವರು.

ಇನ್ನೊಂದು ತಿದ್ದುಪಡಿ ಇದಕ್ಕಿಂತ ಮುಖ್ಯವಾದದ್ದು. ಕಾಂಡಕೋಶ ಎಂಬುದು ಗಡ್ಡೆಯೊಳಗಿನ ಒಂದು ಕಾಯಂ ಜಾತಿಯಲ್ಲ, ಕೋಶವೊಂದು ಇರಬಹುದಾದ ಸ್ಥಿತಿ. 2011ರಲ್ಲಿ ಪ್ರಕಟವಾದ ಎರಡು ಬೇರೆ ಬೇರೆ ಅಧ್ಯಯನಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಸ್ತನದ ಸಾಧಾರಣ ಕೋಶಗಳನ್ನಷ್ಟೇ ಬೇರ್ಪಡಿಸಿ ಬೆಳೆಸಿದರೂ ಕೆಲವೇ ದಿನಗಳಲ್ಲಿ ಅವುಗಳಲ್ಲಿ ಕೆಲವು ತಾವಾಗಿಯೇ ಕಾಂಡಕೋಶದ ಗುಣ ಪಡೆದವು. ಕಾಂಡಕೋಶಗಳು ಸಾಧಾರಣ ಕೋಶಗಳಾಗುವುದಂತೂ ಸದಾ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಬುಡವನ್ನು ಕಿತ್ತರೆ ಮುಗಿಯಿತು ಎನ್ನುವ ಮಾತೂ, ಬುಡ ಉಳಿದಿದೆ ಇನ್ನೇನು ಮಾಡಿದರೂ ಇಲ್ಲ ಎನ್ನುವ ಮಾತೂ ಎರಡೂ ನಿಲ್ಲುವುದಿಲ್ಲ. ಗಡ್ಡೆಯ ಒಟ್ಟು ಕೋಶಗಳನ್ನು ಕಡಿಮೆ ಮಾಡುವುದು ಎಂದರೆ ನಾಳೆ ಕಾಂಡಕೋಶವಾಗಬಲ್ಲ ಕೋಶಗಳನ್ನೂ ಕಡಿಮೆ ಮಾಡುವುದು ಎಂದೇ ಅರ್ಥ. ಕೀಮೋ ಮಾಡಿದ ಕೆಲಸ ಅದೇ.

ಈಗ ಕೀಮೋ ಕೊಟ್ಟಷ್ಟೂ ಕಾಂಡಕೋಶಗಳು ಹೆಚ್ಚುತ್ತವೆ ಎಂಬ ವಾಕ್ಯಕ್ಕೆ ಬರೋಣ. ಇದರ ಮೂಲದಲ್ಲಿ 2008ರ ಒಂದು ಅಧ್ಯಯನವಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ 12 ವಾರ ಕೀಮೋ ಪಡೆದ ಮಹಿಳೆಯರಲ್ಲಿ, ಸಿಡಿ44 ಹೆಚ್ಚಿದ್ದು ಸಿಡಿ24 ಕಡಿಮೆ ಇರುವ ಕೋಶಗಳ ಪ್ರಮಾಣ ಸರಾಸರಿ ಶೇ. 4.7ರಿಂದ ಶೇ. 13.6ಕ್ಕೆ ಏರಿತ್ತು. ಸಂಖ್ಯೆ ನಿಜ. ಆದರೆ ಅದು ಉಳಿದ ಕೋಶಗಳಲ್ಲಿ ಅವುಗಳ ಪಾಲು. ಒಂದು ಲೆಕ್ಕ ಹಾಕಿ ನೋಡಿ. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ ಎಂದು ವೈದ್ಯಶಾಸ್ತ್ರದಲ್ಲಿ ಹಿಡಿಯುವ ರೂಢಿ. ಅದರಲ್ಲಿ ಶೇ. 4.7 ಎಂದರೆ 4.7 ಕೋಟಿ. ಕೀಮೋ ನೂರಕ್ಕೆ 99 ಕೋಶಗಳನ್ನು ಕೊಂದಿತು ಎಂದುಕೊಳ್ಳಿ, ಉಳಿಯುವುದು ಒಂದು ಕೋಟಿ. ಅದರಲ್ಲಿ ಶೇ. 13.6 ಎಂದರೆ 13 ಲಕ್ಷ 60 ಸಾವಿರ. ಪಾಲು ಮೂರು ಪಟ್ಟು ಹೆಚ್ಚಾಯಿತು, ನಿಜವಾದ ಸಂಖ್ಯೆ ಮೂವತ್ತರಲ್ಲಿ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಶೇಕಡಾವಾರು ಮಾತ್ರ ಹೇಳಿ ಉಳಿದದ್ದನ್ನು ಹೇಳದೆ ಬಿಟ್ಟ ಬರಹ ಓದಿ ಎಷ್ಟೋ ಮಹಿಳೆಯರು ಕಂಗಾಲಾಗುವುದನ್ನು ನೋಡಿದ್ದೇನೆ, ಸಿಟ್ಟು ಬರುತ್ತದೆ.

ಹಾಗೆಂದು ಆ ಕೋಶಗಳ ಮೊಂಡುತನ ಸುಳ್ಳಲ್ಲ. ಕೀಮೋ ಔಷಧಗಳಲ್ಲಿ ಹೆಚ್ಚಿನವು ವಿಭಜನೆಯಾಗುತ್ತಿರುವ ಕೋಶಕ್ಕೇ ಪೆಟ್ಟು ಕೊಡುತ್ತವೆ. ವಿಭಜನೆ ನಿಲ್ಲಿಸಿ ಕುಳಿತ ಕೋಶ ಆ ಪೆಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ. ಜೊತೆಗೆ ಇಂಥ ಕೋಶಗಳಲ್ಲಿ ಔಷಧವನ್ನು ಹೊರಕ್ಕೆ ದೂಡುವ ಪ್ರೋಟೀನ್‌ಗಳು ಹೆಚ್ಚಾಗಿರುತ್ತವೆ, ಡಿಎನ್‌ಎ ಹಾನಿಯನ್ನು ಸರಿಪಡಿಸಿಕೊಳ್ಳುವ ಚುರುಕೂ ಹೆಚ್ಚು, ಎಎಲ್‌ಡಿಎಚ್ ಕಿಣ್ವವು ಸೈಕ್ಲೋಫಾಸ್ಫಮೈಡ್‌ನಂಥ ಔಷಧದ ವಿಷವನ್ನು ತಗ್ಗಿಸುತ್ತದೆ. ಕೀಮೋ ನಂತರವೂ ನಿಮಗೆ ವರ್ಷಗಟ್ಟಲೆ ಮಾತ್ರೆ ಕೊಟ್ಟಿರುವ ಕಾರಣ ಇಲ್ಲಿಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹರಡುವುದು ಹೇಗೆ? ಸ್ತನದ ಹಾಲಿನ ನಾಳದ ಗೋಡೆಯ ಕೋಶಗಳು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್‌ನಿಂದ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಸುತ್ತಲಿನ ಅಂಗಾಂಶದಿಂದ ಬರುವ ಕೆಲವು ರಾಸಾಯನಿಕ ಸಂಕೇತಗಳು ಟ್ವಿಸ್ಟ್, ಸ್ನೇಲ್ ಎಂಬ ಜೀನ್‌ಗಳನ್ನು ಎಬ್ಬಿಸಿದಾಗ ಆ ಬಿಗಿತ ಸಡಿಲವಾಗುತ್ತದೆ. ಚಪ್ಪಟೆ ಸಾಲಿನಲ್ಲಿದ್ದ ಕೋಶ ಉದ್ದಕ್ಕೆ ಚಾಚಿಕೊಳ್ಳುತ್ತದೆ, ತಳದ ಪೊರೆಯನ್ನು ಕರಗಿಸುವ ಕಿಣ್ವ ಸ್ರವಿಸುತ್ತದೆ, ತೆವಳಲು ಕಲಿಯುತ್ತದೆ, ಹತ್ತಿರದ ರಕ್ತನಾಳದ ಸಂದಿಯಲ್ಲಿ ನುಸುಳುತ್ತದೆ. 2008ರಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯ ಈ ಬದಲಾವಣೆಗೂ ಕಾಂಡಕೋಶದ ಗುಣಕ್ಕೂ ನಂಟಿದೆ ಎಂದು ತೋರಿಸಿತು: ಸ್ತನದ ಕೋಶಗಳಲ್ಲಿ ಟ್ವಿಸ್ಟ್ ಅಥವಾ ಸ್ನೇಲ್ ಅನ್ನು ಚಾಲೂ ಮಾಡಿದರೆ ಅವು ಸಿಡಿ44 ಹೆಚ್ಚಿದ, ಸಿಡಿ24 ಕಡಿಮೆಯಾದ ಕೋಶಗಳಾಗಿ ಮಾರ್ಪಟ್ಟವು. ಚಲಿಸುವ ಶಕ್ತಿ ಮತ್ತು ಹೊಸ ಗಡ್ಡೆ ಹೂಡುವ ಶಕ್ತಿ ಒಟ್ಟಿಗೇ ಬರಬಹುದು ಎಂಬುದು ಇದರಿಂದ ಹೊಳೆಯಿತು, ಮತ್ತು ಕಾಂಡಕೋಶಗಳೇ ಹರಡುತ್ತವೆ ಎಂಬ ಮಾತಿಗೆ ಬಲ ಬಂದದ್ದೂ ಇಲ್ಲಿಂದಲೇ.

ಆದರೆ ಕಥೆ ಅಷ್ಟು ನೇರವಾಗಿ ಸಾಗಲಿಲ್ಲ. 2015ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಶ್ವಾಸಕೋಶಕ್ಕೆ ಹರಡಿದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವು ಈ ಬದಲಾವಣೆಗೆ ಒಳಗಾಗಿಯೇ ಇರಲಿಲ್ಲ. ಒಳಗಾದವು ಕೀಮೋ ಕೊಟ್ಟಾಗ ಬದುಕುಳಿಯುವುದರಲ್ಲಿ ಮಾತ್ರ ಮುಂದಿದ್ದವು. 2019ರಲ್ಲಿ ಇನ್ನೊಂದು ತಂಡ ಇ-ಕ್ಯಾಡ್‌ಹೆರಿನ್ ಪೂರ್ತಿ ಕಳೆದುಕೊಂಡ ಕೋಶಗಳು ಪ್ರಯಾಣದಲ್ಲಿ ಹೆಚ್ಚು ಸಾಯುತ್ತವೆ ಎಂದು ಕಂಡಿತು. ರಕ್ತದಲ್ಲಿ ಒಂಟಿಯಾಗಿ ತೇಲುವ ಕೋಶಗಳಿಗಿಂತ ಒಟ್ಟಿಗೆ ಅಂಟಿಕೊಂಡು ಸಾಗುವ ಸಣ್ಣ ಗುಂಪುಗಳು ಬಹಳ ಅಪಾಯಕಾರಿ: 2014ರ ಅಧ್ಯಯನವೊಂದರಲ್ಲಿ ಅವುಗಳ ಹೊಸ ಗಡ್ಡೆ ಹೂಡುವ ಶಕ್ತಿ 23ರಿಂದ 50 ಪಟ್ಟು ಹೆಚ್ಚಿತ್ತು. ಪೂರ್ತಿ ಬಿಡಿಯಾದ ಕೋಶವೂ ಅಲ್ಲದ, ಪೂರ್ತಿ ಬಿಗಿದ ಕೋಶವೂ ಅಲ್ಲದ, ಎರಡರ ನಡುವೆ ಓಲಾಡಬಲ್ಲ ಕೋಶವೇ ಹರಡುವುದರಲ್ಲಿ ಹೆಚ್ಚು ಸಮರ್ಥ ಎಂಬುದು ಈಗ ಬಹುತೇಕರ ನಿಲುವು, ನನ್ನದೂ ಕೂಡ.

ಹೊರಟ ಕೋಶಗಳಲ್ಲಿ ತಲುಪುವುದು ಎಷ್ಟು ಎಂಬುದನ್ನು ನೀವು ಓದಿದ ಲೇಖನ ಹೇಳಿರಲಿಕ್ಕಿಲ್ಲ. ಐಸಾಯಾ ಫಿಡ್ಲರ್ ಅವರು ಇಲಿಗಳಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗಗಳ ಪ್ರಕಾರ, ರಕ್ತಕ್ಕೆ ಸೇರಿದ ಕ್ಯಾನ್ಸರ್ ಕೋಶಗಳಲ್ಲಿ 24 ಗಂಟೆಗಳ ನಂತರ ಜೀವಂತವಿರುವುದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಕೊನೆಗೆ ಹೊಸ ಗಡ್ಡೆಯಾಗುವುದು ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ರಕ್ತದ ಹರಿವಿನ ರಭಸ, ರೋಗನಿರೋಧಕ ಕೋಶಗಳ ದಾಳಿ, ಅಪರಿಚಿತ ಅಂಗದ ವಾತಾವರಣ ಇವೆಲ್ಲ ಸೇರಿ ಬಹುಪಾಲು ಕೋಶಗಳನ್ನು ಮುಗಿಸುತ್ತವೆ. ಉಳಿಯುವ ಆ ಕೆಲವೇ ಕೋಶಗಳಲ್ಲಿ ಕಾಂಡಕೋಶದ ಗುಣ ಎದ್ದು ಕಾಣುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಮನುಷ್ಯರ ಸ್ತನ ಕ್ಯಾನ್ಸರನ್ನು ಇಲಿಗಳಲ್ಲಿ ಬೆಳೆಸಿ, ಹರಡಿದ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದ 2015ರ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಂಗದೊಳಗೆ ಬೆರಳೆಣಿಕೆಯಷ್ಟು ಕ್ಯಾನ್ಸರ್ ಕೋಶಗಳಿದ್ದಾಗ ಅವು ಕಾಂಡಕೋಶದಂತೆಯೇ ಇದ್ದವು. ಗಡ್ಡೆ ದೊಡ್ಡದಾದಂತೆ ಮೂಲ ಗಡ್ಡೆಯ ಸಾಧಾರಣ ಕೋಶಗಳನ್ನೇ ಹೋಲತೊಡಗಿದವು. ನೆಲೆಯೂರಲು ಒಂದು ಸ್ಥಿತಿ, ಬೆಳೆಯಲು ಇನ್ನೊಂದು.

ನೆಲೆಯೂರುವುದು ಕೋಶದ ಕೈಯಲ್ಲಷ್ಟೇ ಇಲ್ಲ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ 1889ರಲ್ಲಿ, ಸ್ತನ ಕ್ಯಾನ್ಸರ್‌ನಿಂದ ಮೃತಪಟ್ಟ 735 ಮಹಿಳೆಯರ ಶವಪರೀಕ್ಷೆಯ ವಿವರಗಳನ್ನು ಕಲೆಹಾಕಿದರು. ಯಕೃತ್ತು ಮತ್ತು ಮೂಳೆಗಳಿಗೆ ರೋಗ ಮತ್ತೆ ಮತ್ತೆ ಹರಡಿತ್ತು, ಗುಲ್ಮಕ್ಕೆ ಹರಡಿದ್ದು ಅಪರೂಪ. ರಕ್ತ ಎಲ್ಲ ಕಡೆಗೂ ಹರಿಯುತ್ತದೆ, ರೋಗ ಮಾತ್ರ ಆಯ್ದ ಕಡೆ ಬೇರೂರುತ್ತದೆ. ಬೀಜ ಎಲ್ಲೆಡೆ ಬೀಳುತ್ತದೆ, ಆದರೆ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವರು ಅದನ್ನು ವಿವರಿಸಿದರು. ಅಣುಮಟ್ಟದ ವಿವರ ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಸ್ತನ ಕ್ಯಾನ್ಸರ್ ಕೋಶಗಳ ಮೇಲಿರುವ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕಕ್ಕೆ ತಕ್ಕ ಸಂಕೇತವನ್ನು ಮೂಳೆಮಜ್ಜೆ, ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿಗಳು ಧಾರಾಳವಾಗಿ ಸ್ರವಿಸುತ್ತವೆ ಎಂದು 2001ರಲ್ಲಿ ಗೊತ್ತಾಯಿತು. ಮೂಳೆಮಜ್ಜೆ ನಮ್ಮದೇ ರಕ್ತದ ಕಾಂಡಕೋಶಗಳನ್ನು ಸಾಕುವ ಜಾಗ. ಅಲ್ಲಿಗೆ ಬಂದ ಕ್ಯಾನ್ಸರ್ ಕೋಶ ಅದೇ ಆಸರೆಯನ್ನು ಬಳಸಿಕೊಂಡು, ರಕ್ತನಾಳದ ಗೋಡೆಗೆ ಆತು ವಿಭಜನೆ ನಿಲ್ಲಿಸಿ ಕೂರುತ್ತದೆ. ಗೋಡೆ ಸ್ಥಿರವಾಗಿದ್ದರೆ ಅಲ್ಲಿನ ಪ್ರೋಟೀನ್‌ಗಳು ಅದನ್ನು ಹಾಗೆಯೇ ಹಿಡಿದಿಡುತ್ತವೆ. ಇದನ್ನು ಸುಪ್ತಾವಸ್ಥೆ ಎನ್ನುತ್ತೇವೆ, ವರ್ಷಗಟ್ಟಲೆ ಇರಬಹುದು, ಜೀವನಪೂರ್ತಿಯೂ ಇರಬಹುದು.

ಇಂಥ ಕೋಶ ಮೈಯಲ್ಲಿರುವುದು ರೋಗ ಮರಳುವುದಕ್ಕೆ ಸಮವಲ್ಲ. ರೋಗ ಆರಂಭಿಕ ಹಂತದಲ್ಲಿದ್ದ 4,703 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ 2005ರ ವಿಶ್ಲೇಷಣೆಯಲ್ಲಿ, ಶೇ. 30.6ರಷ್ಟು ಮಹಿಳೆಯರ ಮೂಳೆಮಜ್ಜೆಯಲ್ಲಿ ಕ್ಯಾನ್ಸರ್ ಕೋಶಗಳು ಕಂಡಿದ್ದವು. ಅವರಿಗೆ ಅಪಾಯ ಹೆಚ್ಚಿತ್ತು ಎಂಬುದು ನಿಜ. ಆದರೂ ಅವರಲ್ಲಿ ದೊಡ್ಡ ಪಾಲಿನ ಮಹಿಳೆಯರಲ್ಲಿ ರೋಗ ಮರಳಲಿಲ್ಲ. ಸುಪ್ತ ಕೋಶಗಳು ಏಳುವುದೇಕೆ ಎಂಬುದರ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು: ತಂಬಾಕಿನ ಹೊಗೆಯಿಂದ ಶ್ವಾಸಕೋಶ ಉರಿಯೂತಗೊಂಡ ಇಲಿಗಳಲ್ಲಿ, ಬಿಳಿ ರಕ್ತಕಣಗಳು ಎಸೆದ ಡಿಎನ್‌ಎ ಬಲೆಗಳು ಸುತ್ತಲಿನ ಪ್ರೋಟೀನನ್ನು ಮಾರ್ಪಡಿಸಿ ಮಲಗಿದ್ದ ಸ್ತನ ಕ್ಯಾನ್ಸರ್ ಕೋಶಗಳನ್ನು ಎಬ್ಬಿಸಿದವು. ಧೂಮಪಾನದ ಅಭ್ಯಾಸ ಇರುವವರು ಬಿಡಲು ಇನ್ನೊಂದು ಕಾರಣ ಇದು.

ಈಗ ನಿಮ್ಮ ಮಾತ್ರೆಯ ವಿಷಯ. ನಾನು ಈ ಉತ್ತರ ಬರೆಯುತ್ತಿರುವುದೇ ಮುಖ್ಯವಾಗಿ ಇದಕ್ಕಾಗಿ. ಈಸ್ಟ್ರೋಜನ್ ಗ್ರಾಹಕ ಪಾಸಿಟಿವ್ ಇರುವ ಕ್ಯಾನ್ಸರ್ ತಡವಾಗಿ ಮರಳುವ ಸ್ವಭಾವದ್ದು. ಐದು ವರ್ಷ ಹಾರ್ಮೋನ್ ಮಾತ್ರೆ ತೆಗೆದುಕೊಂಡು, ಆ ಹೊತ್ತಿಗೆ ರೋಗವಿಲ್ಲದೆ ಇದ್ದ 62,923 ಮಹಿಳೆಯರನ್ನು ಗಮನಿಸಿದ ದೊಡ್ಡ ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ಎರಡು ಸೆಂಟಿಮೀಟರ್ ಮೀರದ ಗಡ್ಡೆ, ಒಂದರಿಂದ ಮೂರು ದುಗ್ಧಗ್ರಂಥಿಗಳಿಗೆ ತಗುಲಿದ ರೋಗ ಎಂದರೆ ನಿಮ್ಮಂಥವರಲ್ಲಿ, ಐದನೇ ವರ್ಷದಿಂದ ಇಪ್ಪತ್ತನೇ ವರ್ಷದೊಳಗೆ ದೂರದ ಅಂಗಕ್ಕೆ ಹರಡುವ ಸಾಧ್ಯತೆ ಶೇ. 20. ಅಂದರೆ ನೂರರಲ್ಲಿ 80 ಮಂದಿಗೆ ಹರಡಲಿಲ್ಲ. ಅವರಲ್ಲಿ ಅನೇಕರಿಗೆ ಚಿಕಿತ್ಸೆಯಾದದ್ದು ದಶಕಗಳ ಹಿಂದೆ. ಇಂದಿನ ಚಿಕಿತ್ಸೆ ಅದಕ್ಕಿಂತ ಉತ್ತಮ. ಆದರೆ ಆ ಅಪಾಯ ಐದನೇ ವರ್ಷಕ್ಕೆ ನಿಲ್ಲದೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಮುಂದುವರಿಯಿತು ಎಂಬುದನ್ನು ಮರೆಯಬಾರದು.

ಕಾಂಡಕೋಶದ ಗುಣವುಳ್ಳ ಕೋಶಗಳಲ್ಲಿ ಈಸ್ಟ್ರೋಜನ್ ಗ್ರಾಹಕ ಕಡಿಮೆ ಅಥವಾ ಇರುವುದೇ ಇಲ್ಲ, ಹಾಗಿದ್ದಾಗ ಮಾತ್ರೆ ಅವುಗಳಿಗೆ ಹೇಗೆ ತಾಗುತ್ತದೆ ಎಂದು ನೀವು ಕೇಳಬಹುದು. 2010ರ ಒಂದು ಅಧ್ಯಯನ ಉತ್ತರದ ದಾರಿ ತೋರಿಸಿತು. ಈಸ್ಟ್ರೋಜನ್ ಪಡೆದ ನೆರೆಯ ಸಾಧಾರಣ ಕೋಶಗಳು ಬೆಳವಣಿಗೆಯ ಸಂಕೇತಗಳನ್ನು ಸ್ರವಿಸಿ ಕಾಂಡಕೋಶಗಳನ್ನು ಪೋಷಿಸುತ್ತವೆ. ಈಸ್ಟ್ರೋಜನ್ ತಡೆದರೆ ಆ ಪೋಷಣೆಯೂ ತಪ್ಪುತ್ತದೆ. ಪ್ರಯೋಗಾಲಯದ ವಿವರಣೆ ಏನೇ ಇರಲಿ, ಮಹಿಳೆಯರಲ್ಲಿ ಕಂಡ ಫಲಿತಾಂಶ ಗಟ್ಟಿಯಾಗಿದೆ. ಅಟ್ಲಾಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗದ ವರದಿ 2013ರಲ್ಲಿ ಬಂತು: ಗ್ರಾಹಕ ಪಾಸಿಟಿವ್ ಇದ್ದ 6,846 ಮಹಿಳೆಯರಲ್ಲಿ, ಟಮಾಕ್ಸಿಫೆನ್ ಅನ್ನು ಐದು ವರ್ಷಕ್ಕೆ ನಿಲ್ಲಿಸಿದವರಿಗಿಂತ ಹತ್ತು ವರ್ಷದವರೆಗೆ ಮುಂದುವರಿಸಿದವರಲ್ಲಿ ಐದನೇ ವರ್ಷದಿಂದ ಹದಿನಾಲ್ಕನೇ ವರ್ಷದವರೆಗಿನ ಸ್ತನ ಕ್ಯಾನ್ಸರ್ ಸಾವು ಶೇ. 15ರಿಂದ ಶೇ. 12.2ಕ್ಕೆ ಇಳಿಯಿತು. ಇದಕ್ಕೆ ಬೆಲೆಯೂ ಇದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಆ ಅವಧಿಯಲ್ಲಿ ಶೇ. 1.6ರಿಂದ ಶೇ. 3.1ಕ್ಕೆ ಏರಿತು, ಅದರಿಂದ ಆದ ಸಾವು ಶೇ. 0.2ರಿಂದ ಶೇ. 0.4ಕ್ಕೆ. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ತಡಮಾಡದೆ ತೋರಿಸಿ ಎನ್ನುವುದು ಇದಕ್ಕಾಗಿಯೇ.

ಆದ್ದರಿಂದ ಐದು ವರ್ಷ ಮುಗಿಯಿತು ಎಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ದುಗ್ಧಗ್ರಂಥಿಗಳಿಗೆ ತಗುಲಿದ್ದ ನಿಮ್ಮಂಥವರಿಗೆ ಮುಂದುವರಿಸುವ ಪರವಾಗಿಯೇ ನನ್ನ ಮತ. ಮುಟ್ಟು ನಿಂತಿದ್ದರೆ ಲೆಟ್ರೊಜೋಲ್‌ನಂಥ ಅರೊಮಟೇಸ್ ತಡೆ ಮಾತ್ರೆಗೆ (ಮುಟ್ಟು ನಿಂತವರ ಮೈಯಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುವಂಥದ್ದು) ಬದಲಾಯಿಸುವ ದಾರಿಯೂ ಇದೆ. ಐದು ವರ್ಷ ಟಮಾಕ್ಸಿಫೆನ್ ಆದ ಮೇಲೆ ಲೆಟ್ರೊಜೋಲ್ ಕೊಟ್ಟರೆ ರೋಗ ಮರಳುವುದು ಕಡಿಮೆಯಾಗುತ್ತದೆ ಎಂದು 2003ರಲ್ಲೇ ತಿಳಿದಿದೆ. ಒಂದು ಎಚ್ಚರಿಕೆ: ಕೀಮೋ ಪಡೆದು ಟಮಾಕ್ಸಿಫೆನ್ ಮೇಲಿರುವ ಮಹಿಳೆಯಲ್ಲಿ ಮುಟ್ಟು ನಿಂತರೂ ಅಂಡಾಶಯ ಇನ್ನೂ ಕೆಲಸ ಮಾಡುತ್ತಿರಬಹುದು, ಹಾಗಿದ್ದರೆ ಲೆಟ್ರೊಜೋಲ್ ಪ್ರಯೋಜನಕ್ಕೆ ಬರುವುದಿಲ್ಲ. ಬದಲಾಯಿಸುವ ಮುಂಚೆ ರಕ್ತದ ಹಾರ್ಮೋನ್ ಮಟ್ಟ, ಮೂಳೆಯ ಸಾಂದ್ರತೆ ಎರಡನ್ನೂ ಪರೀಕ್ಷಿಸಲು ಕೇಳಿ. ಮೈ ಬಿಸಿಯೇರುವುದು, ಕೀಲುನೋವು, ಮನಸ್ಸಿನ ಕುಗ್ಗು ಇವುಗಳಿಗೆ ಬೇಸತ್ತು ಮಾತ್ರೆ ಬಿಡುವವರು ಬಹಳ ಮಂದಿ. ವೈದ್ಯರ ಬಳಿ ಹೇಳುವುದೂ ಇಲ್ಲ. ದಯವಿಟ್ಟು ಹೇಳಿ, ಪರಿಹಾರಗಳಿವೆ. ಖಿನ್ನತೆಗೆ ಕೊಡುವ ಪ್ಯಾರೊಕ್ಸಿಟಿನ್, ಫ್ಲೂಆಕ್ಸಿಟಿನ್ ಮಾತ್ರೆಗಳು ಟಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ, ವೆನ್ಲಾಫಾಕ್ಸಿನ್‌ನಿಂದ ಆ ತೊಡಕು ಬಹಳ ಕಡಿಮೆ. ಇದನ್ನು ಬೇರೆ ವೈದ್ಯರು ಔಷಧ ಬರೆಯುವಾಗ ನೆನಪಿಸಿ.

ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ಉಳಿದ ಕಾಂಡಕೋಶಗಳನ್ನು ಎಣಿಸಿ ಅದರ ಪ್ರಕಾರ ಚಿಕಿತ್ಸೆ ನಿರ್ಧರಿಸುವ ಮಾನ್ಯ ಪರೀಕ್ಷೆ ಇಲ್ಲ. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳನ್ನು ಎಣಿಸುವ ವಿಧಾನವಿದೆ. ರೋಗ ಆಗಲೇ ಹರಡಿದವರಲ್ಲಿ 7.5 ಮಿಲಿಲೀಟರ್ ರಕ್ತದಲ್ಲಿ ಐದು ಅಥವಾ ಹೆಚ್ಚು ಕೋಶಗಳಿದ್ದರೆ ಮುನ್ನೋಟ ಚೆನ್ನಾಗಿರುವುದಿಲ್ಲ ಎಂದು 2004ರಲ್ಲಿ ತಿಳಿಯಿತು. ಆದರೆ ಆ ಎಣಿಕೆ ನೋಡಿ ಕೀಮೋ ಬದಲಾಯಿಸಿದರೆ ಆಯಸ್ಸು ಹೆಚ್ಚುವುದಿಲ್ಲ ಎಂದು 2014ರ ಪ್ರಯೋಗ ತೋರಿಸಿತು. ಲಕ್ಷಣಗಳಿಲ್ಲದವರಿಗೆ ಪದೇ ಪದೇ ಸ್ಕ್ಯಾನ್ ಮಾಡಿಸುವುದೂ ಜೀವ ಉಳಿಸಲಿಲ್ಲ; ಇಟಲಿಯ ಎರಡು ಪ್ರಯೋಗಗಳು 1994ರಲ್ಲೇ ಇದನ್ನು ಹೇಳಿವೆ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ನಿಯಮಿತವಾಗಿ ವೈದ್ಯರ ತಪಾಸಣೆ, ಮತ್ತು ವಾರಗಟ್ಟಲೆ ಬಿಡದ ಮೂಳೆ ನೋವು, ಕೆಮ್ಮು, ಉಸಿರಾಟದ ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು, ತಲೆನೋವು ಕಂಡರೆ ಕೂಡಲೇ ತೋರಿಸುವುದು, ನಿಮಗೆ ಬೇಕಾದದ್ದು ಇಷ್ಟೇ.

ಕಾಂಡಕೋಶಗಳನ್ನೇ ಗುರಿಯಾಗಿಸಿದ ಔಷಧಗಳ ಕಥೆ ನಿರಾಸೆಯದು. 2009ರಲ್ಲಿ ಸುಮಾರು 16,000 ರಾಸಾಯನಿಕಗಳನ್ನು ಜಾಲಾಡಿ ಸ್ಯಾಲಿನೊಮೈಸಿನ್ ಎಂಬುದನ್ನು ಆಯ್ದರು. ಪ್ರಯೋಗಾಲಯದಲ್ಲಿ ಅದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಕ್ಕಿಂತ ನೂರು ಪಟ್ಟು ಹೆಚ್ಚು ಪರಿಣಾಮ ತೋರಿಸಿತು. ಆದರೆ ಅದು ಕೋಳಿಗಳ ಆಹಾರದಲ್ಲಿ ಬೆರೆಸುವ ಔಷಧ, ಮನುಷ್ಯರಿಗೆ ವಿಷಕಾರಿ. ಮಧುಮೇಹದ ಮೆಟ್‌ಫಾರ್ಮಿನ್ ಇಂಥ ಕೋಶಗಳನ್ನು ಕೊಲ್ಲುತ್ತದೆ ಎಂದೂ ಅದೇ ವರ್ಷ ಪ್ರಚಾರವಾಯಿತು. 3,649 ರೋಗಿಗಳ ಪ್ರಯೋಗ 2022ರಲ್ಲಿ ಮುಗಿದಾಗ, ಮಧುಮೇಹವಿಲ್ಲದವರಲ್ಲಿ ಮೆಟ್‌ಫಾರ್ಮಿನ್‌ನಿಂದ ಸ್ತನ ಕ್ಯಾನ್ಸರ್ ಮರಳುವುದು ಕಡಿಮೆಯಾಗಲಿಲ್ಲ. ಬಟ್ಟಲಲ್ಲಿ ಸತ್ತ ಕೋಶ ಮೈಯಲ್ಲೂ ಸಾಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಕಾಂಡಕೋಶ ನಾಶಕ ಎಂಬ ಹಣೆಪಟ್ಟಿಯ ಪೂರಕ ಮಾತ್ರೆಗಳಿಗೆ ಹಣ ಸುರಿಯಬೇಡಿ. ಕಾಂಡಕೋಶ ಚುಚ್ಚಿ ಕ್ಯಾನ್ಸರ್ ಗುಣಪಡಿಸುತ್ತೇವೆ ಎನ್ನುವವರು ಮಾರುತ್ತಿರುವುದು ಸ್ತನ ಕ್ಯಾನ್ಸರ್‌ಗೆ ಯಾವ ಪುರಾವೆಯೂ ಇಲ್ಲದ ಚಿಕಿತ್ಸೆಯನ್ನು. ಇನ್ನೊಂದೆಡೆ, ಸದ್ದಿಲ್ಲದೆ ಕೆಲಸ ಮಾಡಿರುವ ಉಪಾಯಗಳಿವೆ. ಮುಟ್ಟು ನಿಂತ ಮಹಿಳೆಯರಿಗೆ ಆರಂಭದಲ್ಲೇ ಕೊಡುವ ಬಿಸ್‌ಫಾಸ್ಫೊನೇಟ್ ಔಷಧ ಮೂಳೆಯ ವಾತಾವರಣವನ್ನು ಬದಲಾಯಿಸಿ, ಅಲ್ಲಿ ರೋಗ ಮರಳುವುದನ್ನು ಸುಮಾರು ಶೇ. 28ರಷ್ಟು ತಗ್ಗಿಸಿತು ಎಂದು 2015ರ ವಿಶ್ಲೇಷಣೆ ಹೇಳುತ್ತದೆ. ಹರ್‌2 ಪಾಸಿಟಿವ್ ಇದ್ದು, ಮೊದಲ ಚಿಕಿತ್ಸೆಯ ನಂತರವೂ ಗಡ್ಡೆ ಉಳಿದಿದ್ದ ಮಹಿಳೆಯರಿಗೆ ಟಿ-ಡಿಎಂ1 ಎಂಬ, ಹರ್‌2 ಕೋಶಗಳಿಗೇ ಕೀಮೋ ತಲುಪಿಸುವ ಔಷಧ ಕೊಟ್ಟಾಗ ರೋಗ ಮರಳುವುದು ಅಥವಾ ಸಾವು ಅರ್ಧಕ್ಕೆ ಇಳಿಯಿತು. ಅದು 2019ರ ಆಸುಪಾಸಿನ ಸುದ್ದಿ. ಉಳಿದ ಕೋಶಗಳ ಮೇಲೆ ಔಷಧ ಗೆಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ.

ಕೊನೆಯದಾಗಿ ಮಗಳ ವಿಷಯ. ಕ್ಯಾನ್ಸರ್ ಕಾಂಡಕೋಶಗಳು ತಾಯಿಯಿಂದ ಮಗಳಿಗೆ ಬರುವುದಿಲ್ಲ. ಅವು ನಿಮ್ಮ ಸ್ತನದಲ್ಲಿ, ನಿಮ್ಮ ಜೀವಿತಾವಧಿಯಲ್ಲಿ ಜೀನ್‌ಗಳಿಗಾದ ಹಾನಿಯಿಂದ ಹುಟ್ಟಿದವು. ವಂಶಪಾರಂಪರ್ಯವಾಗಿ ಬರಬಹುದಾದದ್ದು ಬಿಆರ್‌ಸಿಎ1, ಬಿಆರ್‌ಸಿಎ2ರಂಥ ಜೀನ್ ದೋಷ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ಹೀಗೆ ಬಂದವು. ದೋಷವಿದ್ದರೆ ಅಪಾಯ ದೊಡ್ಡದೇ: 80 ವರ್ಷ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಆಗುವ ಸಾಧ್ಯತೆ ಸುಮಾರು ಶೇ. 70. ನಿಮಗೆ ರೋಗ ಪತ್ತೆಯಾದದ್ದು 46ನೇ ವಯಸ್ಸಿನಲ್ಲಿ. 50ರೊಳಗೆ ಸ್ತನ ಕ್ಯಾನ್ಸರ್ ಬಂದವರೆಲ್ಲರಿಗೂ ಜೀನ್ ಪರೀಕ್ಷೆ ಮಾಡಬಹುದು ಎಂಬುದು ಈಗಿನ ಮಾರ್ಗಸೂಚಿಗಳ ನಿಲುವು, ಆಗ ಮಾಡಿಸಿರದಿದ್ದರೆ ಈಗ ಕೇಳಿ. ಪರೀಕ್ಷೆ ಮಗಳಿಗಿಂತ ಮೊದಲು ನಿಮಗಾಗಬೇಕು. ನಿಮ್ಮಲ್ಲಿ ದೋಷ ಸಿಕ್ಕರೆ ಅವಳಲ್ಲಿ ಅದೇ ಒಂದನ್ನು ಹುಡುಕಿದರೆ ಸಾಕು. ಅವಳಿಗೆ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಬಂದಿದ್ದರೆ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ ತಪಾಸಣೆ ಆರಂಭಿಸಬಹುದು. ನಿಮ್ಮಲ್ಲಿ ದೋಷ ಸಿಗದಿದ್ದರೆ ಅವಳ ಅಪಾಯ ಇತರರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಮತ್ತು 22ರಲ್ಲಿ ಯಾವ ಸ್ಕ್ಯಾನ್ ಕೂಡ ಬೇಕಿಲ್ಲ.